ಮಳೆನಾಡಿನ ಕಿವಿಗೆ ಹಳೇ ಹೆಡ್‌ಫೋನು: ಯಾವ ಸಂಗೀತಕ್ಕೆ ಯಾವುದು

ಆಷಾಢದ ಜಡಿಮಳೆಯಲ್ಲಿ ಹಂಚಿನ ಮಾಡಿನ ಕೆಳಗೆ ಕೂತು, ಹಿಂಬದಿ ತೆರೆದ (ಹೊರಗಿನ ಸದ್ದನ್ನೂ ಒಳಬಿಡುವ) ಹೆಡ್‌ಫೋನಿನಲ್ಲಿ ವಿಲಂಬಿತ ಖ್ಯಾಲ್ ಹಾಕಿದರೆ ತಂಬೂರಿ ಕೇಳುವುದಿಲ್ಲ, ಮಳೆ ಕೇಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೇ ಹೈ-ಫೈ ಹೆಡ್‌ಫೋನು ಇಟ್ಟುಕೊಂಡವರು ಈ ಮಾತಿನಿಂದಲೇ ಶುರು ಮಾಡಬೇಕು. ಆಮೇಲೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ: ಹೆಡ್‌ಫೋನು ಆರೋಗ್ಯವಾಗಿದೆಯೇ? ಅದನ್ನು ಎಬ್ಬಿಸುವಷ್ಟು ವೋಲ್ಟೇಜು ಸಿಗುತ್ತಿದೆಯೇ? ಕೇಳಬೇಕೆಂದಿರುವ ಧ್ವನಿಮುದ್ರಣ ಹೇಗೆ ಆದದ್ದು? ರಾಗವೋ ರಾಕೋ ಎಂಬುದು ನಾಲ್ಕನೆಯ ಪ್ರಶ್ನೆ. ಒಬ್ಬರೇ ಗಾಯಕರ ಹಳೇ ರೇಡಿಯೊ ಟೇಪಿಗೆ ಒಪ್ಪುವ ಹೆಡ್‌ಫೋನು ಅವರದೇ ಸಿಡಿಗೆ ಒಪ್ಪದೇ ಇರಬಹುದು. ಹಾಗಾಗಿ 'ಶಾಸ್ತ್ರೀಯಕ್ಕೆ ಇದು, ಸಿನಿಮಾ ಹಾಡಿಗೆ ಅದು' ಎಂದು ಗೆರೆ ಎಳೆದ ಪಟ್ಟಿಗಳನ್ನು ಅರ್ಧ ಮಾತ್ರ ನಂಬಿ.

ಇಲ್ಲಿ ಹಳೇದು ಎಂದರೆ 1968ರ ಸೆನ್ಹೈಸರ್ ಎಚ್‌ಡಿ 414ರಿಂದ ಹಿಡಿದು 2003ರ ಎಚ್‌ಡಿ 650ರವರೆಗಿನವು ಎಂದು ಇಟ್ಟುಕೊಳ್ಳೋಣ. ಹಳದಿ ಸ್ಪಂಜಿನ ಆ 414 ಹಿಂಬದಿ ತೆರೆದ ಹೆಡ್‌ಫೋನುಗಳ ಮೂಲಪುರುಷ. ಎಕೆಜಿಯ ಕೆ240 ಮನೆತನ, ಬೇಯರ್‌ಡೈನಮಿಕ್‌ನ ಡಿಟಿ 770, 880, 990, ಗ್ರಾಡೊ ಎಸ್‌ಆರ್60, ಸೋನಿಯ 1985ರ ಎಂಡಿಆರ್-ವಿ6, ಕಾಸ್‌ನ 1984ರ ಪೋರ್ಟಾ ಪ್ರೊ, ಯಮಹಾದ 1976ರ ಎಚ್‌ಪಿ-1 ಎಲ್ಲ ಈ ನಡುವೆ ಬರುತ್ತವೆ.

ಮೊದಲು ನಾಡಿ ನೋಡಿ

'ಈ ಹೆಡ್‌ಫೋನಲ್ಲಿ ಬೇಸ್ ಇಲ್ಲ' ಎಂಬ ದೂರುಗಳಲ್ಲಿ ಹೆಚ್ಚಿನವು ಹೆಡ್‌ಫೋನಿನ ತಪ್ಪಲ್ಲ, ಕುಶನ್ನಿನ ತಪ್ಪು. ಕುಶನ್ ಒಳಗಿನ ಪಾಲಿಯುರೆಥೇನ್ ಸ್ಪಂಜು ತೇವಕ್ಕೆ ಒಳಗೊಳಗೇ ಕರಗುತ್ತದೆ. ಗಾಳಿಯ ನೀರಿನಂಶವೇ ಅದರ ರಾಸಾಯನಿಕ ಕೊಂಡಿಗಳನ್ನು ಬಿಡಿಸುತ್ತಾ ಹೋಗುತ್ತದೆ. ಅದಕ್ಕೇ ಒಣ ಊರಿನಲ್ಲಿ ಬಹಳ ವರ್ಷ ಬಂದ ಕುಶನ್ ಆಗುಂಬೆ ಸೀಮೆಯಲ್ಲಿ ನಾಲ್ಕಾರು ಮಳೆಗಾಲಕ್ಕೇ ಅಂಟಂಟಾಗಿ, ಮುಟ್ಟಿದರೆ ಕಪ್ಪು ಹುಡಿ ಉದುರಿಸುತ್ತದೆ. ಕುಶನ್ ಕಿವಿಯ ಸುತ್ತ ಬಿಗಿಯಾಗಿ ಕೂರದಿದ್ದರೆ ಕೆಳಗಿನ ಸ್ವರಗಳು ಆ ಸಂದಿಯಿಂದ ಸೋರಿ ಹೋಗುತ್ತವೆ. ಪರೀಕ್ಷೆ ಸುಲಭ: ಮೃದಂಗ ಇರುವ ಹಾಡು ಹಾಕಿ, ಎರಡೂ ಬಟ್ಟಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಎಡದ ತೊಪ್ಪಿಯ 'ಗುಂ' ಇದ್ದಕ್ಕಿದ್ದ ಹಾಗೆ ದೊಡ್ಡದಾಯಿತೋ, ಕುಶನ್ ಬದಲಿಸುವ ಕಾಲ ಬಂದಿದೆ. ಅಲ್ಲಿಯವರೆಗೆ ಹೆಡ್‌ಫೋನಿನ ಗುಣದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಕುಶನ್ ಕೊಳ್ಳುವಾಗ ಒಂದು ಅನುಕೂಲ ಉಂಟು. ಸೆನ್ಹೈಸರ್ ಎಚ್‌ಡಿ 545, 565, 580, 600, 650 ಎಲ್ಲಕ್ಕೂ ಒಂದೇ ಅಳತೆ. ಸೋನಿ ವಿ6 ಮತ್ತು 7506 ಕೂಡ ಹಾಗೆಯೇ. ಬೇಯರ್‌ನ 770, 880, 990ರ ಕುಶನ್‌ಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ ನಿಜ, ಆದರೆ ವೆಲ್ವೆಟ್ಟಿನ ಜಾಗಕ್ಕೆ ರೆಕ್ಸಿನ್ ಹಾಕಿದರೆ ದನಿಯೇ ಬದಲಾಗುತ್ತದೆ. ಬೇಸ್ ಮೈದುಂಬುತ್ತದೆ, ಮಧ್ಯದ ಸ್ವರಗಳು ಪೆಟ್ಟಿಗೆಯೊಳಗಿಂದ ಬಂದ ಹಾಗಾಗುತ್ತವೆ. ಗೊತ್ತಿದ್ದು ಹಾಕಿದರೆ ಸರಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಹಾಕಬೇಡಿ.

ಮುಂದಿನದು ಮಲ್ಟಿಮೀಟರ್. 2000 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ರೇಂಜಿಗೆ ಇಟ್ಟು ಜ್ಯಾಕಿನ ತುದಿಗೂ ಬುಡಕ್ಕೂ ಒಮ್ಮೆ ಹಿಡಿಯಿರಿ, ಅದು ಎಡ. ನಡುವಿನ ಬಳೆಗೂ ಬುಡಕ್ಕೂ ಇನ್ನೊಮ್ಮೆ, ಅದು ಬಲ. ಡಬ್ಬಿಯ ಮೇಲೆ ಬರೆದ ಓಮ್‌ಗೆ ಹತ್ತಿರವೋ ಸ್ವಲ್ಪ ಕಡಿಮೆಯೋ ಬರಬೇಕು, ಎರಡು ಬದಿಗೂ ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಂಕಿ ಕುಣಿದಾಡಿದರೆ ವೈರನ್ನು ಜ್ಯಾಕಿನ ಬುಡದಲ್ಲಿ, ಬಟ್ಟಲು ಸೇರುವಲ್ಲಿ ಮಡಚಿ ನೋಡಿ. ತುಂಡಾಗುವುದು ಬಹುತೇಕ ಈ ಎರಡು ಕಡೆಯೇ. ಎಚ್‌ಡಿ 580, 600ರಲ್ಲಿ ವೈರು ಎರಡು ಸಣ್ಣ ಪಿನ್ನಿನಿಂದ ಬಟ್ಟಲಿಗೆ ಸೇರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಆ ಪಿನ್ ಕಪ್ಪಿಟ್ಟು ಒಂದು ಕಿವಿ ಆಗಾಗ ಮೌನವಾಗುತ್ತದೆ. ಡ್ರೈವರೇ (ಒಳಗಿನ ಪುಟ್ಟ ಸ್ಪೀಕರ್) ಹೋಯಿತೆಂದು ಗಾಬರಿ ಬೇಡ. ಪಿನ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಐದಾರು ಸಲ ಹಾಕಿ ತೆಗೆದರೆ ಸಾಕು.

ಮೂರನೆಯದು ಗುಯ್ಗುಟ್ಟುವ ದೋಷ. ಫೋನಿನ ಟೋನ್ ಜನರೇಟರ್ ಆಪ್‌ನಿಂದ 30 ಹರ್ಟ್ಝ್‌ನಿಂದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) 200ರವರೆಗೆ ನಿಧಾನಕ್ಕೆ ಏರುವ ಸ್ವರ ಹಾಕಿ, ವಾಲ್ಯೂಮ್ ತಗ್ಗಿಸಿಯೇ ಇರಲಿ. ನಡುವೆ ಎಲ್ಲೋ ಹಾಳೆ ಅದುರಿದ ಹಾಗೆ ಕೇಳಿದರೆ ಡಯಾಫ್ರಮ್ (ಅದುರಿ ದನಿ ಹುಟ್ಟಿಸುವ ತೆಳು ಪೊರೆ) ಮೇಲೆ ಕೂದಲೋ ಸ್ಪಂಜಿನ ಹುಡಿಯೋ ಕೂತಿದೆ. ಎಚ್‌ಡಿ 580ರಲ್ಲಿ ಕುಶನ್ನನ್ನು ಒಂದು ಅಂಚಿನಿಂದ ಎಳೆದರೆ ಪಟಪಟನೆ ಬಿಡಿಸಿಕೊಳ್ಳುತ್ತದೆ. ಒಳಗೆ ತೆಳು ಸ್ಪಂಜಿನ ಹಾಳೆ, ಅದರ ಕೆಳಗೆ ಡ್ರೈವರ್. ಇಲ್ಲಿ ಕಬ್ಬಿಣದ ಚಿಮುಟ ತರಬೇಡಿ. ಡ್ರೈವರಿನ ಮ್ಯಾಗ್ನೆಟ್ ಅದನ್ನು ಕಸಿದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಡಯಾಫ್ರಮ್ಮಿಗೆ ಚುಚ್ಚಿಸಿಬಿಡುತ್ತದೆ. ಸೆಲೋಟೇಪನ್ನು ಅಂಟು ಹೊರಗಿರುವಂತೆ ಬೆಂಕಿಕಡ್ಡಿಗೆ ಸುತ್ತಿ, ಕೂದಲಿನ ತುದಿಗಷ್ಟೇ ತಾಗಿಸಿ ಎತ್ತಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಕರಗಿದ ಸ್ಪಂಜನ್ನು ಆಲ್ಕೊಹಾಲಿನಿಂದ ತೊಳೆಯಲು ಹೋದರೆ ಅದು ಡಾಂಬರಾಗಿ ಹರಡುತ್ತದೆ. ಒಣಗಿದ ಬ್ರಷ್ಷಿನಿಂದ, ಬಟ್ಟಲನ್ನು ತಲೆಕೆಳಗು ಹಿಡಿದು ಉದುರಿಸುವುದೇ ಸರಿ.

ಕೊನೆಗೆ ಒಂದು ಮೊನೊ ಹಾಡು (ಎರಡೂ ಕಿವಿಗೆ ಒಂದೇ ದನಿ ಬರುವಂಥದ್ದು) ಹಾಕಿ. ದನಿ ಹಣೆಯ ನಡುವೆ ಬಂದು ನಿಂತರೆ ಆಯಿತು. ತಲೆಯ ಎರಡೂ ಕಡೆ ಚದುರಿ ನಡುವೆ ಟೊಳ್ಳಾಗಿದ್ದರೆ ಯಾರೋ ರಿಪೇರಿ ಮಾಡುವಾಗ ಒಂದು ಬದಿಯ ವೈರು ಅದಲು ಬದಲು ಮಾಡಿದ್ದಾರೆ. ಹಳೇ ಎಚ್‌ಡಿ 414ಕ್ಕೆ ಯುರೋಪಿನ ಐದು ಪಿನ್ನಿನ ಡಿನ್ ಪ್ಲಗ್ ಇದ್ದರೆ ಕತ್ತರಿಸಿ 6.35 ಎಂಎಂ ಜ್ಯಾಕ್ ಬೆಸೆಯಿರಿ. 25 ವಾಟಿನ ಸೋಲ್ಡರಿಂಗ್ ಐರನ್, 0.8 ಎಂಎಂ ರೋಸಿನ್ ಸೀಸ ಸಾಕು. ವೈರಿನ ಎಳೆಗಳ ಮೇಲೆ ವಾರ್ನಿಷ್ ಇರುತ್ತದೆ, ಬ್ಲೇಡಿನಿಂದ ಕೆರೆದು ತಾಮ್ರ ಹೊಳೆದ ಮೇಲೇ ಸೀಸ ಹಿಡಿಯುವುದು. ಇದನ್ನು ಬಿಟ್ಟವರ ಬೆಸುಗೆ ನೋಡಲು ಚೆಂದ, ಕೇಳಲು ಮೌನ.

ಓಮ್, ವೋಲ್ಟು, ಹಳೇ ಆಂಪ್ಲಿಫೈಯರು

ಹಳೇ ಹೆಡ್‌ಫೋನುಗಳು ದೊಡ್ಡ ಆಂಪ್ಲಿಫೈಯರಿನ ಕಾಲಕ್ಕೆ ಹುಟ್ಟಿದವು. ಎಚ್‌ಡಿ 414 2000 ಓಮ್, ಕೆ240 ಸೆಕ್ಸ್‌ಟೆಟ್ 600, ಎಚ್‌ಡಿ 580 ಮತ್ತು 600 ತಲಾ 300. ಇವಕ್ಕೆ ಕರೆಂಟಿಗಿಂತ ವೋಲ್ಟೇಜು ಮುಖ್ಯ. ಫೋನಿಗೆ ಸಿಕ್ಕಿಸುವ ಸಾಮಾನ್ಯ ಡಾಂಗಲ್ ಕೊಡುವುದು ಹೆಚ್ಚೆಂದರೆ 1 ವೋಲ್ಟಿನ ಆಸುಪಾಸು. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಸಿಗುವುದು ವಾಟು. ಅದೇ 1 ವೋಲ್ಟು 32 ಓಮ್‌ನ ಗ್ರಾಡೊಗೆ 31 ಮಿಲಿವಾಟ್ ಉಣಿಸಿದರೆ 300 ಓಮ್‌ಗೆ 3.3, 600 ಓಮ್‌ಗೆ 1.7, 414ಕ್ಕೆ ಬರೀ ಅರ್ಧ ಮಿಲಿವಾಟ್.

ಎಚ್‌ಡಿ 600 1 ವೋಲ್ಟಿಗೆ 97 ಡೆಸಿಬೆಲ್ ಕೊಡುತ್ತದೆ. ಇಷ್ಟು ಸಾಕಲ್ಲ ಎನಿಸಬಹುದು. ಆದರೆ ಆ 97 ಅತಿ ದೊಡ್ಡ ಪೆಟ್ಟಿನ ಮಟ್ಟ. ಕಛೇರಿಯ ಸರಾಸರಿ ದನಿ ಅದಕ್ಕಿಂತ 20 ಡೆಸಿಬೆಲ್ ಕೆಳಗಿರುತ್ತದೆ, ಹಳೇ ಟೇಪಿನಿಂದ ಮಾಡಿದ ಫೈಲುಗಳು ಇನ್ನೂ ತಗ್ಗು. 105 ಡೆಸಿಬೆಲ್ ಪೆಟ್ಟಿಗೆ 2.5 ವೋಲ್ಟು ಬೇಕು, 110ಕ್ಕೆ ನಾಲ್ಕೂವರೆ. 600 ಓಮ್‌ನ ಹಳೇ ಕೆ240 ಇದಕ್ಕಿಂತ ಹಸಿದ ಹೊಟ್ಟೆ. ಹಾಗಾಗಿ 4ರಿಂದ 6 ವೋಲ್ಟು ಕೊಡಬಲ್ಲ ಹೆಡ್‌ಫೋನ್ ಆಂಪ್ ಇದ್ದರೆ ಹಳೇ ಮನೆತನದ ಯಾವುದನ್ನೂ ನೆಮ್ಮದಿಯಾಗಿ ಸಾಕಬಹುದು.

ಮನೆಯ ಅಟ್ಟದಲ್ಲಿ ಸೋನೋಡೈನ್, ಕಾಸ್ಮಿಕ್ ಕಾಲದ ಸ್ಟೀರಿಯೊ ಆಂಪ್ಲಿಫೈಯರ್ ಇದ್ದರೆ ಹೊಸದು ಕೊಳ್ಳುವ ಮುಂಚೆ ಅದನ್ನು ಇಳಿಸಿ ನೋಡಿ. ಹಳೇ ಸ್ಟೀರಿಯೊ ಆಂಪ್ಲಿಫೈಯರುಗಳ ಹೆಡ್‌ಫೋನ್ ಜ್ಯಾಕಿನ ಹಿಂದೆ ಸಾಮಾನ್ಯವಾಗಿ ಸ್ಪೀಕರ್ ದಾರಿಯಲ್ಲೇ 330 ಓಮ್ ಆಸುಪಾಸಿನ ರೆಸಿಸ್ಟರ್ ಕೂರಿಸಿರುತ್ತಾರೆ. 600 ಓಮ್‌ನ ಎಕೆಜಿ, ಬೇಯರ್‌ಗಳಿಗೆ ಇದು ತವರುಮನೆ. 300 ಓಮ್‌ನ ಸೆನ್ಹೈಸರಿಗೆ 100 ಹರ್ಟ್ಝ್ ಸುತ್ತ ಸುಮಾರು 2 ಡೆಸಿಬೆಲ್ ಬೇಸ್ ಏರುತ್ತದೆ, ಏಕೆಂದರೆ ಆ ಜಾಗದಲ್ಲಿ ಅದರ ಓಮ್ 500ರ ಹತ್ತಿರ ಹೋಗುತ್ತದೆ, ರೆಸಿಸ್ಟರಿನ ಪಾಲು ಕಡಿಮೆಯಾಗುತ್ತದೆ. ತೆಳುವಾದ ಹಳೇ ಧ್ವನಿಮುದ್ರಣಕ್ಕೆ ಈ 2 ಡೆಸಿಬೆಲ್ ವರದಾನ, ಹೊಸ ಸಿನಿಮಾ ಹಾಡಿಗೆ ಕೆಸರು. 32 ಓಮ್‌ನ ಗ್ರಾಡೊ ಮಾತ್ರ ಇಲ್ಲಿ ಹಿಡಿತ ತಪ್ಪಿ ಡಬಡಬ ಅನ್ನುತ್ತದೆ. ಆಂಪಿನ ಓಮ್ ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು ಎಂಬ ಲೆಕ್ಕ ಇಂಥವಕ್ಕೇ ಹೇಳಿದ್ದು. ಯಮಹಾ ಎಚ್‌ಪಿ-1ರ ಸಪಾಟಾದ ಡಯಾಫ್ರಮ್ಮಿನ ಓಮ್ ಎಲ್ಲ ಸ್ವರಕ್ಕೂ 150ರ ಸುತ್ತಲೇ ಇರುವುದರಿಂದ ಅದಕ್ಕೆ ಯಾವ ಜ್ಯಾಕಾದರೂ ಒಂದೇ.

ಜ್ಯಾಕೇ ಇಲ್ಲದ ಆಂಪ್ಲಿಫೈಯರ್ ಆದರೆ ಪ್ರತಿ ಬದಿಯ ಸ್ಪೀಕರ್ ಪ್ಲಸ್ಸಿನಿಂದ 330 ಓಮ್, 1 ವಾಟಿನ ಒಂದು ರೆಸಿಸ್ಟರ್ ದಾಟಿಸಿ ಜ್ಯಾಕಿಗೆ ಕೊಡಬಹುದು. 20 ವಾಟಿನ ಆಂಪ್ ಪೂರ್ತಿ ತಿರುಗಿಸಿದರೆ 8 ಓಮ್‌ನಲ್ಲಿ 12.6 ವೋಲ್ಟು. ಜ್ಯಾಕ್ ಹಾಕುವಾಗ ಶಾರ್ಟ್ ಆದರೂ ರೆಸಿಸ್ಟರ್ ಸುಡುವುದು ಅರ್ಧ ವಾಟಿಗಿಂತ ಕಡಿಮೆ, ಆದ್ದರಿಂದ 1 ವಾಟು ಸಾಕು. ಒಂದು ಷರತ್ತು ಮರೆಯಬೇಡಿ: ಎರಡೂ ಬದಿಯ ಮೈನಸ್ ಒಂದೇ ಗ್ರೌಂಡಿಗೆ ಸೇರಿರಬೇಕು. ಮಲ್ಟಿಮೀಟರಿನಲ್ಲಿ ಎರಡು ಮೈನಸ್ಸಿನ ನಡುವೆ ಸೊನ್ನೆ ಓಮ್ ಬರದಿದ್ದರೆ ಅದು ಬ್ರಿಡ್ಜ್ ಆಂಪ್, ಕಾರ್ ಸ್ಟೀರಿಯೊಗಳಲ್ಲಿ ಇರುವಂಥದ್ದು. ಅದಕ್ಕೆ ಈ ಜೋಡಣೆ ಮಾಡಿದರೆ ಹೊಗೆ ಬರುತ್ತದೆ.

ಹಾಡು ಕೇಳದೇ ಇದ್ದಾಗಲೂ 'ಹುಂ' ಎಂಬ ಸದ್ದು ಬಂದರೆ ಮನೆಯ ಅರ್ಥಿಂಗ್ ನೋಡಿ. ಟೇಪ್ ಡೆಕ್, ಆಂಪ್, ಕಂಪ್ಯೂಟರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಒಬ್ಬರ ಗಂಟಲು, ಒಂದು ತಂಬೂರಿ

ಗಮಕ (ಕಾವ್ಯವಾಚನ), ಸುಗಮ ಸಂಗೀತ, ಆಲಾಪ ಇವಕ್ಕೆಲ್ಲ ಜೀವ ಇರುವುದು 200ರಿಂದ 3000 ಹರ್ಟ್ಝ್ ನಡುವೆ. ಹೊಸಹಳ್ಳಿ, ಮತ್ತೂರಿನ ಕಡೆಯ ಕಾವ್ಯವಾಚನದ ಧ್ವನಿಮುದ್ರಣ ಇದ್ದರೆ ಎಚ್‌ಡಿ 580 ಅಥವಾ 600 ಹಾಕಿ, ಬೇರೆ ಯೋಚನೆ ಬೇಡ. ಅಕ್ಷರ ಅಕ್ಷರವಾಗಿಯೇ ಕೇಳುತ್ತದೆ: ಹಳಗನ್ನಡದ ಒತ್ತಕ್ಷರ ಮಸುಕಾಗುವುದಿಲ್ಲ, 'ಸ' 'ಶ'ಗಳು ಸೀಟಿ ಊದುವುದಿಲ್ಲ. ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವಥ್ ಹಾಡಿದ ಭಾವಗೀತೆಗಳ ಕ್ಯಾಸೆಟ್ಟಿಗೂ ಇದೇ ಸರಿ. ಡಿಟಿ 990 ಇಲ್ಲಿ ತಪ್ಪು ಆಯ್ಕೆ. 8ರಿಂದ 9 ಸಾವಿರ ಹರ್ಟ್ಝ್ ಸುತ್ತ ಅದಕ್ಕೊಂದು ಮೊನೆ ಇದೆ, ಎದೆತುಂಬಿ ಹಾಡುವ ಗಂಟಲಿಗೆ ಹಲ್ಲಿನ ಸದ್ದು ಅಂಟಿಸುತ್ತದೆ. ಅದೊಂದೇ ಕೈಯಲ್ಲಿದ್ದರೆ ಈಕ್ವಲೈಸರಿನಲ್ಲಿ 8500 ಹರ್ಟ್ಝ್ ಹತ್ತಿರ 4 ಡೆಸಿಬೆಲ್ ಇಳಿಸಿ, ಅಕ್ಕಪಕ್ಕದ ಸ್ವರಗಳಿಗೆ ತಾಗದಂತೆ ಅಗಲ ಕಿರಿದಾಗಿರಲಿ.

ಕರ್ನಾಟಕ ಸಂಗೀತದ ಕಛೇರಿ ಹೆಡ್‌ಫೋನಿಗೆ ಕಷ್ಟದ ಪರೀಕ್ಷೆ. ಪಿಟೀಲು ಗಾಯಕರನ್ನು ನೆರಳಿನ ಹಾಗೆ ಹಿಂಬಾಲಿಸುತ್ತದೆ, ಇಬ್ಬರ ಸ್ವರವೂ ಒಂದೇ ಜಾಗದಲ್ಲಿ. ಅವರನ್ನು ಬೇರ್ಪಡಿಸಿ ತೋರಿಸುವುದು ಡಿಟಿ 880 ಮತ್ತು ಎಕೆಜಿ ಕೆ501. ಆದರೆ 501ರ ಬೇಸ್ ತೆಳು. ಮೃದಂಗದ ಬಲಗೈ ಚಾಪು ಕಣ್ಣಿಗೆ ಕಾಣುವಷ್ಟು ಸ್ಪಷ್ಟ, ಎಡಕ್ಕೆ ರವೆ ಹಚ್ಚಿದ ತೊಪ್ಪಿಯ ಗುಮುಕಿ ಮಾತ್ರ ಪಕ್ಕದ ಮನೆಯಿಂದ ಬಂದ ಹಾಗೆ. ಪಿಟೀಲು, ಕೊಳಲು ಸೋಲೊಗೆ 501 ಇಟ್ಟುಕೊಳ್ಳಿ. ತನಿ ಆವರ್ತನ (ಮೃದಂಗದ ಸೋಲೊ) ಇರುವ ಕಛೇರಿಗೆ 880 ಅಥವಾ ಎಚ್‌ಡಿ 600. ವೀಣೆಗೆ ನನ್ನ ಮತ 880ಕ್ಕೆ: ಮೀಟಿದ ಉಗುರಿನ ತಾಗು, ಅದರ ಬೆನ್ನಿಗೆ ಗಮಕದ ಎಳೆತ ಎರಡೂ ಉಳಿಯುತ್ತವೆ.

ಹಿಂದುಸ್ತಾನಿಗೆ ಬಂದರೆ ಗಂಟಲಿನ ತೂಕ ನೋಡಿ ಆರಿಸಿ. ಗಂಗೂಬಾಯಿ ಹಾನಗಲ್ಲರ ಗಟ್ಟಿ, ತಗ್ಗಿನ ದನಿಗೆ ಎಚ್‌ಡಿ 650 ಮೈ ಕೊಡುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಚುರುಕು ತಾನುಗಳಿಗೆ ಅದೇ 650 ಸ್ವಲ್ಪ ನಿಧಾನ ಅನಿಸಿದರೆ 580ಕ್ಕೆ ಬನ್ನಿ. ಇನ್ನೊಂದು ಸಂಗತಿ ಪಟ್ಟಿಗಳಲ್ಲಿ ಇರುವುದಿಲ್ಲ: ಒಂದು ಬಡಾ ಖ್ಯಾಲ್ ಮುಗಿಯಲು ಮುಕ್ಕಾಲು ಗಂಟೆ ಆಗಬಹುದು. ತಲೆಯನ್ನು ಇಕ್ಕಳದಂತೆ ಹಿಡಿಯುವ, ಭಾರದ ಹಳೇ ಕಾಸ್ ಪ್ರೊ 4ಎಎ ಮಧ್ಯಲಯಕ್ಕೆ ಬರುವಷ್ಟರಲ್ಲಿ ಕಿವಿ ಕೆಂಪು ಮಾಡಿರುತ್ತದೆ. ರಾತ್ರಿ ಕೇಳುವವರಿಗೆ ದನಿಗಿಂತ ತೂಕ ಮುಖ್ಯ.

ಚಂಡೆ, ಡೊಳ್ಳು ಮತ್ತು ಕ್ಯಾಸೆಟ್ಟು

ಯಕ್ಷಗಾನದ ಹಳೇ ಧ್ವನಿಮುದ್ರಣಗಳಷ್ಟು ಹೆಡ್‌ಫೋನಿನ ಬಣ್ಣ ಬಯಲು ಮಾಡುವುದು ಬೇರೆ ಯಾವುದೂ ಇಲ್ಲ. ಬಯಲಾಟದಲ್ಲಿ ಒಂದೋ ಎರಡೋ ಮೈಕು, ಭಾಗವತರ ಮುಂದೆ ಒಂದು, ಚಂಡೆಯ ಪೆಟ್ಟೆಲ್ಲ ಅದಕ್ಕೇ. ಸಾಮಾನ್ಯ ಫೆರಿಕ್ ಟೇಪು ಆ ಪೆಟ್ಟನ್ನು ತಾಳದೆ ತಲೆ ಒಡೆದು ಒರಟಾಗುತ್ತದೆ. ಮೇಲೆ 'ಹಿಸ್' ಬೇರೆ. ಇಂಥದ್ದಕ್ಕೆ ಸ್ಪಷ್ಟತೆ ಹೆಚ್ಚಿರುವ ಹೆಡ್‌ಫೋನು ಹಾಕುವುದು ಗಾಯಕ್ಕೆ ಉಪ್ಪು. ಡಿಟಿ 990, ವಿ6 ಎರಡರಲ್ಲೂ ಭಾಗವತರ ತಾಳ ಹಲ್ಲಿಗೆ ಹೊಡೆಯುತ್ತದೆ. ಕೆ240 ಸೆಕ್ಸ್‌ಟೆಟ್ ಅಥವಾ ಎಚ್‌ಡಿ 650 ಹಾಕಿ. ಸೆಕ್ಸ್‌ಟೆಟ್‌ನಲ್ಲಿ ಮುಖ್ಯ ಡ್ರೈವರಿನ ಸುತ್ತ ಆರು ಪುಟ್ಟ ನಿಷ್ಕ್ರಿಯ ಡಯಾಫ್ರಮ್‌ಗಳಿವೆ. ಅವು ಮದ್ದಳೆಗೆ ಬೇಕಾದ ಕೆಳಗಿನ ಮೈ ಕೊಟ್ಟು, ಚಂಡೆಯನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸುತ್ತವೆ. ಇವೆರಡೂ ಇಲ್ಲವೆ? ಪೋರ್ಟಾ ಪ್ರೊ ಸಾಕು. ತಮಾಷೆಯಲ್ಲ, ಅದರ ಮೃದುವಾದ ಮೇಲಿನ ಸ್ವರ ಈ ಕ್ಯಾಸೆಟ್ಟುಗಳಿಗೆಂದೇ ಮಾಡಿದ ಹಾಗಿದೆ.

ಹೆಡ್‌ಫೋನನ್ನು ಬೈಯುವ ಮೊದಲು ಡೆಕ್ಕಿನ ಹೆಡ್ (ಟೇಪನ್ನು ಓದುವ ಭಾಗ) ಸರಿಮಾಡಿ. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇರುತ್ತದೆ. ಆಂಪನ್ನು ಮೊನೊಗೆ ಹಾಕಿ, ಹೆಡ್‌ಫೋನು ಕಿವಿಗೆ ಏರಿಸಿ, ಕ್ಯಾಸೆಟ್ ಓಡುತ್ತಿರುವಾಗಲೇ ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ. ತಾಳದ ಠೇಂಕಾರ ಎಲ್ಲಿ ಅತಿ ಹೊಳಪಾಗುತ್ತದೋ ಅಲ್ಲಿ ನಿಲ್ಲಿಸಿ. ಮೊನೊದಲ್ಲಿ ಮಾಡಿದರೆ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ, ಏಕೆಂದರೆ ಹೆಡ್ ಓರೆ ಇದ್ದಾಗ ಎರಡು ಬದಿಯ ಮೇಲಿನ ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಚಂಡೆ ಮಂಕಾಗಿದೆ ಎಂದು ಟ್ರೆಬಲ್ ತಿರುಗಿಸುವವರಿಗೆ ಎಷ್ಟೋ ಸಲ ಬೇಕಿರುವುದು ಈ ಸ್ಕ್ರೂ. ತಿರುಗಿಸುವ ಮುಂಚೆ ಸ್ಕ್ರೂ ಎಲ್ಲಿತ್ತು ಎಂಬುದಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿಕೊಳ್ಳಿ, ಬೇರೆ ಕ್ಯಾಸೆಟ್ಟಿಗೆ ಹಿಂದಕ್ಕೆ ತರಬೇಕು.

ಡೊಳ್ಳು ಕುಣಿತದ್ದು ತಿರುಗುಮುರುಗು ಲೆಕ್ಕ. ಸಾಗರದ ಕಡೆಯ ತಂಡಗಳ ಧ್ವನಿಮುದ್ರಣ ಒಳ್ಳೇ ಸಲಕರಣೆಯಲ್ಲಿ ಆಗಿದ್ದರೆ, ಎದೆಗೆ ಬಂದು ಬಡಿಯುವ ಪೆಟ್ಟು 100 ಹರ್ಟ್ಝ್‌ಗಿಂತ ಕೆಳಗಿದೆ. ಎಚ್‌ಡಿ 600 ಆ ಆಳಕ್ಕೆ ಇಳಿಯುವಾಗ ಸೊರಗುತ್ತದೆ, ಡಿಟಿ 770 ಮತ್ತು 990 ಇಳಿಯುತ್ತವೆ. ಇಲ್ಲಿ 990ರ ಮೊನೆಯೂ ಉಪಯೋಗಕ್ಕೇ, ಕೋಲು ಚರ್ಮಕ್ಕೆ ತಾಗುವ ಸದ್ದು ಚುರುಕಾಗುತ್ತದೆ. 600ರಲ್ಲೇ ಕೇಳಬೇಕಾದರೆ 80 ಹರ್ಟ್ಝ್ ಕೆಳಗೆ 3 ಡೆಸಿಬೆಲ್ ಏರಿಸಿ, ಒಟ್ಟು ಮಟ್ಟವನ್ನು 3 ಡೆಸಿಬೆಲ್ ಇಳಿಸಿ. ಇಳಿಸುವುದನ್ನು ಮರೆತರೆ ಪೆಟ್ಟಿನ ನೆತ್ತಿ ಕತ್ತರಿಸಿ ಹೋಗುತ್ತದೆ.

ಸಿನಿಮಾ ಹಾಡು: ಇಸವಿ ನೋಡಿ ಹಾಕಿ

1960ರ ದಶಕದ ಚಿತ್ರಗೀತೆಗಳು ಮೊನೊ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿರುವ ಆ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ಮುಂದೆ, ವಾದ್ಯ ಹಿಂದೆ, ಎಂಟು ಸಾವಿರ ಹರ್ಟ್ಝ್ ಮೇಲೆ ಹೆಚ್ಚೇನೂ ಇಲ್ಲ, ಇರುವುದೆಲ್ಲ ಗೀರಿನ ಸದ್ದು. ಕೆ240, ಎಚ್‌ಡಿ 650, ಅಥವಾ ಅಂಥದ್ದೇ ಕಾಲದ ಎಚ್‌ಡಿ 414 ಚೆಂದ. 414ರಲ್ಲಿ ಬೇಸ್ ಕಡಿಮೆ, ಆದರೆ ಹಾಡಿನಲ್ಲೂ ಕಡಿಮೆಯೇ ಇರುವುದರಿಂದ ಕೊರತೆ ಕಾಣುವುದಿಲ್ಲ. ತಟ್ಟೆಯಿಂದ ಕೇಳುವಾಗ ಆಂಪಿನ ಮೊನೊ ಸ್ವಿಚ್ ಒತ್ತಿ. ಮೊನೊ ತಟ್ಟೆಯಲ್ಲಿ ಸೂಜಿ ಮೇಲೆ ಕೆಳಗೆ ಕುಣಿಯುವುದರಿಂದ ಬರುವುದು ಬರೀ ಗದ್ದಲ, ಎರಡು ಬದಿ ಸೇರಿದ ಕೂಡಲೇ ಅದು ಅಳಿದು ಚಟಪಟ ಗಣನೀಯವಾಗಿ ತಗ್ಗುತ್ತದೆ. ಭದ್ರಾವತಿ ಆಕಾಶವಾಣಿಯ ಮೀಡಿಯಂ ವೇವ್‌ಗೂ ಇದೇ ಮಾತು: ಅಲ್ಲಿ 5 ಸಾವಿರ ಹರ್ಟ್ಝ್ ದಾಟಿ ಬರುವುದು ಬಹುತೇಕ ಕರಕರ ಮಾತ್ರ.

ಸ್ಟೀರಿಯೊ ಬಂದ ಹೊಸತರಲ್ಲಿ ಪಿಟೀಲುಗಳನ್ನೆಲ್ಲ ಒಂದು ಕಿವಿಗೆ, ಗಿಟಾರು ತಬಲಾ ಇನ್ನೊಂದಕ್ಕೆ ತಳ್ಳುತ್ತಿದ್ದರು. ಸ್ಪೀಕರಿನಲ್ಲಿ ಚೆಂದ, ಹೆಡ್‌ಫೋನಿನಲ್ಲಿ ಅರ್ಧ ತಲೆ ಖಾಲಿ. ಇದಕ್ಕೆ ಹೆಡ್‌ಫೋನು ಬದಲಿಸಬೇಡಿ, ಕ್ರಾಸ್‌ಫೀಡ್ ಹಾಕಿ: ಒಂದು ಬದಿಯ ಕೆಳಸ್ವರವನ್ನು ಸ್ವಲ್ಪ ಇನ್ನೊಂದಕ್ಕೆ ಬೆರೆಸುವ ವ್ಯವಸ್ಥೆ, ಹಲವು ಪ್ಲೇಯರ್ ಆಪ್‌ಗಳಲ್ಲಿ ಇದೆ. 700 ಹರ್ಟ್ಝ್, 4.5 ಡೆಸಿಬೆಲ್‌ನಿಂದ ಶುರು ಮಾಡಿ.

ಎಂಬತ್ತರ ದಶಕದ ಕೊನೆಯ ಹಂಸಲೇಖ ಹಾಡುಗಳಲ್ಲಿ ಡ್ರಮ್ ಮಷೀನು, ಸಿಂಥು. ಇವಕ್ಕೆ ಪೆಟ್ಟು ಬಿಗಿಯಾಗಿರಬೇಕು. ವಿ6, ಡಿಟಿ 770, ಎಚ್‌ಡಿ 25 ಈ ಕೆಲಸಕ್ಕೆ ಹುಟ್ಟಿದವು. ಇವತ್ತಿನ ಹಾಡಿಗೂ ಇವೇ. ಗ್ರಾಡೊ ಎಸ್‌ಆರ್60 ಗಿಟಾರಿನ ಗೆಳೆಯ. ರಾಕ್, ಬ್ಲೂಸ್ ಕೇಳುವವರು ಒಂದು ಇಟ್ಟುಕೊಳ್ಳಲಿ, ಬೇರೆಯವರಿಗೆ ಕಿವಿಚುಚ್ಚು. ಜಾಝ್‌ಗೆ ಕೆ240 ಅಥವಾ 600, ಪಾಶ್ಚಾತ್ಯ ವಾದ್ಯವೃಂದಕ್ಕೆ 880 ಇಲ್ಲವೇ 501, ಆದರೆ ಮಳೆ ನಿಂತ ಮೇಲೆ. ಪಿಸುಮಾತಿನಿಂದ ಗುಡುಗಿನವರೆಗೆ ಹೋಗುವ ಸಂಗೀತ ಅದು, ಪಿಸುಮಾತು ಹಂಚಿನ ಸದ್ದಿಗೇ ಬಲಿ.

ಮಳೆಗಾಲದ ಜೋಡಿ, ಬೇಸಗೆಯ ಜೋಡಿ

ಕೈಯಲ್ಲಿ ಎರಡು ಹೆಡ್‌ಫೋನಿಗೆ ಮಾತ್ರ ಅವಕಾಶ ಇದ್ದರೆ ಸಂಗೀತದ ಪ್ರಕಾರದ ಮೇಲೆ ಹಂಚಬೇಡಿ, ಋತುವಿನ ಮೇಲೆ ಹಂಚಿ. ಮೃಗಶಿರದಿಂದ ಮಘೆ ಮಳೆಯವರೆಗೆ ಮುಚ್ಚಿದ ಡಿಟಿ 770 ಅಥವಾ ವಿ6. ಉಳಿದ ಕಾಲಕ್ಕೆ ತೆರೆದ 580 ಅಥವಾ ಕೆ240. ಪುಷ್ಯ ಮಳೆಯಲ್ಲಿ ತೆರೆದದ್ದನ್ನೇ ಹಾಕುವವರು ತಿಳಿಯದೇ ವಾಲ್ಯೂಮ್ ಏರಿಸುತ್ತಾರೆ. ಕೇಳುವ ಸಂಗೀತ ಮಳೆಯನ್ನು ಮೀರಿಸಬೇಕು, ಮಳೆಯೋ ತಗಡಿನ ಶೀಟಿನ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದಕ್ಕೆ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ, ಅಂದರೆ 89ರಲ್ಲಿ ವಾರಕ್ಕೆ ಐದೇ ಗಂಟೆ.

ತೆರೆದ ಜೋಡಿಯನ್ನು ಮಳೆಗೆ ಮುಂಚೆ ಒಳಗಿಡಿ. ಬಚ್ಚಲೊಲೆಯ ಮೇಲಿನ ಅಟ್ಟ ಬೆಚ್ಚಗಿದೆ, ಅಲ್ಲಿ ಬೂಷ್ಟು ಹಿಡಿಯುವುದಿಲ್ಲ ಎಂದು ಇಡುವವರಿದ್ದಾರೆ. ಬೂಷ್ಟು ಹಿಡಿಯುವುದಿಲ್ಲ ನಿಜ, ಮಸಿ ಹಿಡಿಯುತ್ತದೆ, ಡಯಾಫ್ರಮ್ಮಿನಿಂದ ಮಸಿ ತೆಗೆಯುವ ವಿದ್ಯೆ ಯಾರಿಗೂ ಬಂದಿಲ್ಲ. ರಬ್ಬರ್ ಅಂಚಿನ ಮುಚ್ಚಳ ಇರುವ ಡಬ್ಬಿ, 5 ಲೀಟರಿಗೆ 100 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಪುಟ್ಟ ತೇವಮಾಪಕ. ಅದು 45ರಿಂದ 55 ತೋರಿಸಬೇಕು. 35ಕ್ಕಿಂತ ಕೆಳಗೆ ಬಿಟ್ಟರೆ ತೊಗಲಿನ ಪಟ್ಟಿ ಬಿರಿಯುತ್ತದೆ. ಜೆಲ್ ಕಿತ್ತಳೆ ಬಣ್ಣದ್ದು ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ. ಹಸಿರಾದರೆ ತೇವ ಕುಡಿದಿದೆ ಎಂದರ್ಥ, ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ತಿರುಗುವವರೆಗೆ ಹುರಿದು, ಆರಿಸಿ ಮತ್ತೆ ಹಾಕಿ. ಡಬ್ಬಿಗೆ ಹಾಕುವ ಮೊದಲು ವೆಲ್ವೆಟ್ ಕುಶನ್ನುಗಳನ್ನು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ ತೊಳೆದು, ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿ. ಒಳಗಿನ ಸ್ಪಂಜು ಹಸಿಯಿದ್ದರೆ ಡಬ್ಬಿಯೊಳಗೇ ಬೂಷ್ಟಿನ ಬೆಳೆ.

ಸ್ಟಾಕ್ಸ್‌ನಂಥ ಎಲೆಕ್ಟ್ರೊಸ್ಟಾಟಿಕ್ ಹೆಡ್‌ಫೋನು ಕೊಳ್ಳುವ ಆಸೆ ಇದ್ದರೆ ಇಷ್ಟು ತಿಳಿದಿರಲಿ. ಅದರ ಕೂದಲಿಗಿಂತ ತೆಳುವಾದ ಹಾಳೆ ಹಳೇ ಮಾದರಿಗಳಲ್ಲಿ 230 ವೋಲ್ಟು, ಆಮೇಲಿನ ಪ್ರೊ ಮಾದರಿಗಳಲ್ಲಿ 580 ವೋಲ್ಟು ಹೊತ್ತು ನಿಂತಿರುತ್ತದೆ. ಮಲೆನಾಡಿನ ತೇವದಲ್ಲಿ ಆ ಆವೇಶ ಧೂಳಿನ ಮೂಲಕ ಸೋರಿ ಒಂದು ಕಿವಿ ಮಂಕಾಗುತ್ತದೆ, ಕೆಲವೊಮ್ಮೆ ಕೀರಲು ಸದ್ದೂ ಬರುತ್ತದೆ. ಪಿಟೀಲು ಅದರಲ್ಲಿ ಕೇಳಿದಷ್ಟು ಚೆಂದ ಬೇರೆಲ್ಲೂ ಇಲ್ಲ ಎಂಬುದು ನಿಜವೇ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಡಬ್ಬಿಯಲ್ಲೇ ಇರಬೇಕು. ಅದರ ಪವರ್ ಯೂನಿಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವೋಲ್ಟೇಜು ಉಳಿದಿರುತ್ತದೆ.

ಚಿತ್ತೆ ಮಳೆ ಕಳೆದು ಅಂಗಳ ಒಣಗಿದ ಮೇಲೆ ಡಬ್ಬಿ ತೆಗೆಯಿರಿ. ಪಿನ್ ಒರೆಸಿ, 30ರಿಂದ 200ರ ಸ್ವರ ಒಮ್ಮೆ ಓಡಿಸಿ, ಮೊನೊ ಹಾಡು ಹಣೆಯ ನಡುವೆ ನಿಂತಿತೇ ನೋಡಿ. ನಿಂತರೆ ಆ ಮುಕ್ಕಾಲು ಗಂಟೆಯ ಖ್ಯಾಲನ್ನು ಈಗ ಹಾಕಿ, ತಂಬೂರಿ ಕೇಳುತ್ತದೆ.